ಗೋಡೆ ತುಂಬ ಹಳದಿ ಚೀಟಿ

ಕನ್ನಡಕದ ಅಂಗಡಿಯ ಪಕ್ಕದಲ್ಲಿರುವ ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಗಳು ಸಿಗುತ್ತವೆ. ಮೂರು ಜನ ಅಲ್ಲಿ ಕೂತು ಕಂಪ್ಯೂಟರ್ ಆಟ ತಯಾರಿಸುತ್ತಾರೆ. ಕೆಳಗಿನ ಕನ್ನಡಕದವನಿಗೆ ಈ ವಿಷಯದಲ್ಲಿ ಇನ್ನೂ ನಂಬಿಕೆ ಬಂದಿಲ್ಲ. "ತಯಾರಿಸ್ತಾರೋ, ಆಡ್ತಾ ಕೂತಿರ್ತಾರೋ, ಯಾರಿಗೆ ಗೊತ್ತು? ಮೂರೂ ಜನರ ಕಣ್ಣು ವರ್ಷ ವರ್ಷ ಕೆಡ್ತಾ ಇದೆ. ನನಗೆ ಅಷ್ಟು ಸಾಕು" ಎನ್ನುತ್ತಾನೆ.

ಆ ಮೂವರಲ್ಲಿ ಒಬ್ಬಳು ಚೀಟಿ ಅಕ್ಕ. ವಯಸ್ಸು ನಲವತ್ತನಾಲ್ಕು. ಅವಳಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ, ಚಿತ್ರ ಬಿಡಿಸಲು ಬರುವುದಿಲ್ಲ, ಆಟವನ್ನೂ ಅಷ್ಟೇನೂ ಚೆನ್ನಾಗಿ ಆಡುವುದಿಲ್ಲ. ಆಟ ಕೊಂಡವರು ಬರೆದು ಕಳಿಸುವ ದೂರುಗಳನ್ನು ಓದುವುದು, ಒಂದೊಂದನ್ನೂ ಚೀಟಿಗೆ ಇಳಿಸಿ ಗೋಡೆಗೆ ಅಂಟಿಸುವುದು, ತೊಂದರೆ ಸರಿಯಾದ ಮೇಲೆ ಚೀಟಿಗೆ ಅಡ್ಡಗೆರೆ ಎಳೆದು ಬರೆದವರಿಗೆ ಉತ್ತರ ಕೊಡುವುದು, ಇಷ್ಟು ಅವಳ ಕೆಲಸ. ಪ್ರೋಗ್ರಾಂ ಬರೆಯುವವನು ಅವಳ ತಮ್ಮ. ಚಿತ್ರ ಬಿಡಿಸುವವರು ಚಾರ್ಟ್ ಮೇಷ್ಟ್ರು. ಮೇಷ್ಟ್ರು ಎಂಬುದು ಬರೀ ಹೆಸರಿಗೆ. ಅವರು ಜೀವಮಾನದಲ್ಲಿ ಒಂದು ಮಗುವಿಗೂ ಪಾಠ ಹೇಳಿದವರಲ್ಲ. ಶಾಲೆಯ ಗೋಡೆಗೆ ನೇತುಹಾಕುವ ವಿಜ್ಞಾನದ ಚಾರ್ಟುಗಳಿಗೆ ಇಪ್ಪತ್ತೈದು ವರ್ಷ ಹೃದಯ, ಕಿವಿ, ಹೂವಿನ ಒಳಭಾಗ ಇವನ್ನು ಬರೆದುಕೊಟ್ಟವರು.

ಅಕ್ಕ ಮೊದಲು ನೀರು ಸರಬರಾಜಿನ ಕಚೇರಿಯಲ್ಲಿ ದೂರಿನ ಕಿಟಕಿಯ ಹಿಂದೆ ಕೂರುತ್ತಿದ್ದಳು. ಹನ್ನೊಂದು ವರ್ಷ ಕೂತಿದ್ದಳು. ಅಲ್ಲಿ ಬೀದಿಗೊಂದು ಬಣ್ಣ. ಮೇಲ್ಬೀದಿಯ ದೂರಿಗೆ ನೀಲಿ ಚೀಟಿ, ಕೆಳಬೀದಿಯದಕ್ಕೆ ಗುಲಾಬಿ, ಮಾರುಕಟ್ಟೆಯ ಸುತ್ತಿನದಕ್ಕೆ ಹಸಿರು. ಒಂದು ಪೈಪಿಗೆ ಒಂದೇ ಚೀಟಿ. ಮೊದಲು ದೂರು ಕೊಟ್ಟವರ ಬಣ್ಣ ಅದಕ್ಕೆ. ಆಮೇಲೆ ಅದೇ ಪೈಪಿನ ಬಗ್ಗೆ ಯಾರೇ ಬಂದು ಕೂಗಾಡಿದರೂ ಹೊಸ ಚೀಟಿ ಇಲ್ಲ, ಹಳೆಯದರ ಬೆನ್ನಿಗೆ ಪೆನ್ಸಿಲಿನಿಂದ ಒಂದು ಗೀಟು. ಬೆಳಗ್ಗೆ ರಿಪೇರಿಯವರು ಬಂದು ಗೋಡೆಯ ಮೇಲೆ ಕಣ್ಣಾಡಿಸಿದರೆ ಸಾಕಾಗಿತ್ತು, ಗುಲಾಬಿ ಹೆಚ್ಚಿದ್ದರೆ ಕೆಳಬೀದಿಗೆ ಹೊರಡುತ್ತಿದ್ದರು. ಅದು ಯಾವತ್ತೂ ತಪ್ಪಿದ್ದಿಲ್ಲ.

ಆಮೇಲೆ ದೂರು ಕೇಳುವುದಕ್ಕೆ ಫೋನಿನಲ್ಲೇ ಒಂದು ಯಂತ್ರದ ದನಿ ಬಂತು, ಕಿಟಕಿ ಮುಚ್ಚಿತು. ಅಕ್ಕ ತಮ್ಮನ ಕೋಣೆಗೆ ಬಂದಳು. ಬರುವಾಗ ಖಾಲಿ ಚೀಟಿಗಳ ಎರಡು ಪೆಟ್ಟಿಗೆಯನ್ನೂ ಆ ಪದ್ಧತಿಯನ್ನೂ ಜೊತೆಗೆ ತಂದಳು. ಇಲ್ಲಿ ಬೀದಿಗಳಿಲ್ಲವಲ್ಲ? ಅದಕ್ಕೆ ಆಡುವವರ ಕಂಪ್ಯೂಟರನ್ನೇ ಬೀದಿ ಮಾಡಿಕೊಂಡಳು. ವಿಂಡೋಸ್ ಇದ್ದವರಿಗೆ ಬಿಳಿ, ಮ್ಯಾಕ್ ಇದ್ದವರಿಗೆ ನೀಲಿ, ಲಿನಕ್ಸ್ ಇದ್ದವರಿಗೆ ಹಳದಿ. ಬೆನ್ನಿನ ಗೀಟಿನ ಪಕ್ಕ ಅದು ಯಾವ ಕಂಪ್ಯೂಟರಿನವರದೆಂದು ಒಂದಕ್ಷರ.

ಅವರ ಆಟ ಒಂದು ಲಿಫ್ಟಿನದು. ಎಷ್ಟು ಅಂತಸ್ತಿದೆ ಎಂದು ಯಾರಿಗೂ ತಿಳಿಯದ ಒಂದು ಹಳೆಯ ಕಟ್ಟಡ. ಆಡುವವರು ಅಲ್ಲಿ ಲಿಫ್ಟ್ ನಡೆಸಬೇಕು. ಹತ್ತಿದವರು ತಮ್ಮ ಕತೆ ಹೇಳುತ್ತಾರೆ. ಯಾರನ್ನು ಯಾವ ಅಂತಸ್ತಿನಲ್ಲಿ ಇಳಿಸುತ್ತೀರಿ ಎಂಬುದರ ಮೇಲೆ ಮುಂದಿನದು. ಮೇಷ್ಟ್ರು ಆ ಕಟ್ಟಡವನ್ನು ಹೂವನ್ನು ಸೀಳಿ ತೋರಿಸಿದ ಹಾಗೆ ಸೀಳಿ ತೋರಿಸಿದ್ದರು. ಎರಡು ಭಾಗ ಹೊರಗೆ ಬಂದಿದ್ದವು. ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಇರುವವರು ಯಾರು ಎಂಬುದು ಮೂರನೆಯ ಭಾಗದಲ್ಲಿ ತಿಳಿಯಬೇಕಿತ್ತು.

ಆಟ ಕೊಂಡವರು ಎರಡು ಸಾವಿರಕ್ಕೆ ಸ್ವಲ್ಪ ಮೇಲೆ. ಅದರಲ್ಲಿ ಲಿನಕ್ಸಿನವರು ನಲವತ್ತೊಂದು ಜನ. ಲಿನಕ್ಸಿನವರು ಎಂದರೆ ಕಂಪ್ಯೂಟರ್ ಕೊಳ್ಳುವಾಗ ಅದರೊಳಗೇ ಬಂದ ವಿಂಡೋಸಿನಂಥದ್ದನ್ನು ತೆಗೆದು, ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರನ್ನು ತಾವೇ ಹಾಕಿಕೊಂಡವರು. ಕೆಲವರು ಇಷ್ಟಪಟ್ಟು, ಕೆಲವರು ಹಟದಿಂದ, ಇನ್ನು ಕೆಲವರು ಮಷಿನ್ ಹಳೆಯದಾಗಿ ಬೇರೇನೂ ನಡೆಯದೆ. ನಲವತ್ತೊಂದೇ ಜನ, ಆದರೆ ಅವರು ಬರೆಯುವ ಪರಿಯೇ ಬೇರೆ. ವಿಂಡೋಸಿನವರು "ಆಟ ನಿಂತೋಯ್ತು, ಏನ್ ಕರ್ಮ" ಎಂದು ಬರೆದು ಸುಮ್ಮನಾಗುತ್ತಿದ್ದರು. ಬಹಳಷ್ಟು ಜನ ಅದನ್ನೂ ಬರೆಯುತ್ತಿರಲಿಲ್ಲ. ಲಿನಕ್ಸಿನವರು ಏನು ಒತ್ತಿದೆ, ಏನಾಯಿತು, ಮತ್ತೆ ಒತ್ತಿದರೆ ಏನಾಯಿತು ಎಂದು ಕೂತು ಬರೆಯುತ್ತಿದ್ದರು. ಮಷಿನ್ನನ್ನು ತಾವೇ ಬಿಚ್ಚಿ ಜೋಡಿಸಿಕೊಂಡವರಿಗೆ ಅದು ರೂಢಿಯಿರಬೇಕು.

ಅವರಲ್ಲೆಲ್ಲ ಅಕ್ಕನಿಗೆ ಹತ್ತಿರವಾದವರು ಸಿಸ್ಟರ್. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ವಾರ್ಡ್ ನೋಡಿಕೊಂಡು ನಿವೃತ್ತರಾದ ನರ್ಸ್. ವಾರ್ಡಿನವರು ಎಸೆಯಲು ಹೊರಟಿದ್ದ ಕಂಪ್ಯೂಟರನ್ನು ಮನೆಗೆ ತಂದಿದ್ದರು. ಅವರ ಬೀದಿಯ ಲೈಬ್ರರಿಯವರು ಅದಕ್ಕೆ ಲಿನಕ್ಸ್ ಹಾಕಿ ಜೀವ ಬರಿಸಿದ್ದರು. ಸಿಸ್ಟರ್ ಬರೆಯುವ ದೂರು ರೋಗಿಯ ಹಾಸಿಗೆಗೆ ಸಿಕ್ಕಿಸಿದ ಹಾಳೆಯ ಹಾಗೆ ಇರುತ್ತಿತ್ತು. "೧. ಸಮಯ ನಾಲ್ಕು ಹತ್ತು. ೨. ಹದಿನಾಲ್ಕನೇ ಅಂತಸ್ತು. ಛತ್ರಿಯವನು ಇಳಿದ. ೩. ಬಾಗಿಲು ಮುಚ್ಚಲಿಲ್ಲ. ೪. ಐದು ನಿಮಿಷ ಕಾದೆವು. ಸುಧಾರಿಸಲಿಲ್ಲ."

"ಕಾದೆವು" ಎಂದು ಬರೆಯುವುದಕ್ಕೆ ಕಾರಣವಿತ್ತು. ಸಿಸ್ಟರಿಗೆ ಒಬ್ಬ ತಂಗಿ. ತಂಗಿಗೆ ಕಣ್ಣು ಮಂಜಾಗಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಒಮ್ಮೆ ಸಿಸ್ಟರ್ ಬರೆದಿದ್ದರು: "ಮಾತುಗಳನ್ನು ನಾನು ಓದಿ ಹೇಳುತ್ತೇನೆ. ಯಾರನ್ನು ಎಲ್ಲಿ ಇಳಿಸಬೇಕು ಅನ್ನುವುದು ಅವಳ ತೀರ್ಮಾನ. ನಾನು ಬೇರೆ ಕಡೆ ಇಳಿಸಿದರೆ ಲಿಫ್ಟಿನ ಸದ್ದಿನಲ್ಲೇ ಕಂಡುಹಿಡಿದು ಜಗಳಕ್ಕೆ ಬರುತ್ತಾಳೆ. ಮೇಲಿನ ಅಂತಸ್ತಿನಲ್ಲಿರುವುದು ಆ ಕಟ್ಟಡ ಕಟ್ಟಿದ ಮೇಸ್ತ್ರಿ ಅಂತ ಅವಳು. ಅಲ್ಲಿ ಯಾರೂ ಇಲ್ಲ ಅಂತ ನಾನು. ಮೂರನೇ ಭಾಗ ಬರುವ ತನಕ ನಮ್ಮಿಬ್ಬರ ವ್ಯಾಜ್ಯ ತೀರುವುದಿಲ್ಲ."

ಅಕ್ಕ ಇದನ್ನು ಮೇಷ್ಟ್ರಿಗೂ ತಮ್ಮನಿಗೂ ಓದಿ ಹೇಳಿದ್ದಳು. ಮೇಷ್ಟ್ರು, "ಇವರಿಗೋಸ್ಕರ ಆದ್ರೂ ಬೇಗ ಮುಗಿಸಪ್ಪಾ" ಎಂದರು. ತಮ್ಮ ನಕ್ಕ. "ಮೇಲೆ ಯಾರಿದಾರೆ ಅಂತ ನಂಗೇ ಇನ್ನೂ ಗೊತ್ತಿಲ್ಲ ಮೇಷ್ಟ್ರೇ."

ತಮ್ಮ ಕೆಟ್ಟವನಲ್ಲ. ಒಬ್ಬನೇ ಮೂರು ಆಳಿನ ಕೆಲಸ ಮಾಡುತ್ತಿದ್ದ. ಒಳಕೋಣೆಯಲ್ಲಿ ಪರೀಕ್ಷೆಗೆಂದು ಮೂರು ಕಂಪ್ಯೂಟರುಗಳಿದ್ದವು. ಪ್ರತಿ ಬದಲಾವಣೆಯನ್ನೂ ಮೂರರಲ್ಲೂ ಹಾಕಿ ನೋಡಬೇಕು. ಲಿನಕ್ಸಿನ ಮಷಿನ್ ಪಕ್ಕದ ಮುಚ್ಚಳ ಕಿತ್ತುಹೋಗಿ, ಒಂದು ಕಾಲಿಗೆ ದಪ್ಪ ರಟ್ಟು ಕೊಟ್ಟುಕೊಂಡು ನಿಂತಿತ್ತು. ಅದರ ಮುಂದೆ ಕೂತಾಗಲೆಲ್ಲ ತಮ್ಮನ ಮುಖ ಸಣ್ಣದಾಗುತ್ತಿತ್ತು.

ಆಗ ದೊಡ್ಡ ಪ್ರಕಾಶಕರೊಬ್ಬರು, ಎಂದರೆ ಆಟಗಳನ್ನು ಊರೂರಿಗೆ ತಲುಪಿಸುವ ಕಂಪನಿಯವರು, ಮೂರನೇ ಭಾಗವನ್ನು ತಾವು ಹೊರತರುತ್ತೇವೆ ಎಂದರು. ಯಾವ ಯಾವ ಕಂಪ್ಯೂಟರುಗಳಲ್ಲಿ ಆಟ ನಡೆಯಬೇಕು ಎಂಬ ಪಟ್ಟಿಯನ್ನು ವಾರದೊಳಗೆ ಕೊಡಿ ಎಂದು ಕೇಳಿದರು. ಅದೇ ವಾರ ಅಕ್ಕ ಜ್ವರ ಬಂದು ನಾಲ್ಕು ದಿನ ಮಲಗಿದಳು.

ಐದನೆಯ ದಿನ ಬಂದಾಗ ತಮ್ಮ ಬಾಗಿಲಲ್ಲೇ ಸಿಕ್ಕಿದ. ಬಹಳ ದಿನಗಳ ಮೇಲೆ ಮುಖ ಅರಳಿತ್ತು.

"ಅಕ್ಕಾ, ಒಪ್ಪಂದ ಆಯ್ತು! ನಿನ್ನ ಗೋಡೆಯಿಂದಾನೇ ಆಗಿದ್ದು ನೋಡು."

"ನನ್ನ ಗೋಡೆಯಿಂದ ಏನೋ ಆಗತ್ತೆ? ಸುಣ್ಣ ಉದುರತ್ತೆ ಅಷ್ಟೇ."

"ತಮಾಷೆ ಅಲ್ಲ. ಲಿನಕ್ಸ್ ಇಟ್ಕೋಬೇಕೋ ಬಿಡಬೇಕೋ ಅಂತ ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ನೀನು ಬಿಡಬೇಡ ಅಂತೀಯ ಅಂತ ಬಾಯಿ ಬಿಟ್ಟಿರ್ಲಿಲ್ಲ. ಮೊನ್ನೆ ನಿನ್ನ ಗೋಡೆ ಮುಂದೆ ನಿಂತ್ಕೊಂಡೆ. ಒಟ್ಟು ನೂರಾ ಹನ್ನೆರಡು ಚೀಟಿ. ಅದರಲ್ಲಿ ಅರವತ್ನಾಲ್ಕು ಹಳದಿ! ನೂರಕ್ಕೆ ಎರಡು ಜನ, ಅರ್ಧಕ್ಕಿಂತ ಜಾಸ್ತಿ ತೊಂದರೆ. ಫೋಟೋ ತೆಗೆದು ಪ್ರಕಾಶಕರಿಗೂ ಕಳಿಸ್ದೆ. ಅವರು ಮರುಮಾತಾಡಲಿಲ್ಲ. ಪಟ್ಟಿಯಿಂದ ಲಿನಕ್ಸ್ ತೆಗೆದುಬಿಟ್ವಿ."

ಅಕ್ಕನಿಗೆ ಆ ಲೆಕ್ಕ ಸರಿಬೀಳಲಿಲ್ಲ. ಯಾಕೆಂದು ತಕ್ಷಣಕ್ಕೆ ಹೊಳೆಯಲಿಲ್ಲ. ಸಿಸ್ಟರ್ ನೆನಪಾದರು, ಅದಕ್ಕಿರಬೇಕು ಅಂದುಕೊಂಡಳು. ಚೀಲ ಇಟ್ಟು ಗೋಡೆಯ ಮುಂದೆ ನಿಂತಳು. ಗೋಡೆ ಹಳದಿಯಾಗಿಯೇ ಇತ್ತು, ಸುಳ್ಳಲ್ಲ. ಕೈಗೆ ಎಟಕಿದ ಒಂದು ಚೀಟಿ ಕಿತ್ತಳು. ಛತ್ರಿಯವನು ಇಳಿದ ಮೇಲೆ ಬಾಗಿಲು ಮುಚ್ಚದ ದೂರು. ಹಳದಿ. ತಿರುಗಿಸಿದಳು. ಬೆನ್ನ ಮೇಲೆ ಪೆನ್ಸಿಲಿನ ಹತ್ತೊಂಬತ್ತು ಗೀಟುಗಳು. ಹತ್ತೊಂಬತ್ತೂ ವಿಂಡೋಸಿನವರವು. ಬಾಗಿಲು ಎಲ್ಲರಿಗೂ ಕೆಟ್ಟಿತ್ತು. ಸಿಸ್ಟರ್ ಎಲ್ಲರಿಗಿಂತ ಮೊದಲು ಹೇಳಿದ್ದರು, ಅಷ್ಟೇ.

ಕೆಳಬೀದಿಯವರು ದೂರು ಕೊಟ್ಟರೆ ಪೈಪು ಒಡೆದಿರುವುದು ಕೆಳಬೀದಿಯಲ್ಲೇ. ಇಲ್ಲಿ ಹಾಗಲ್ಲ. ಇಲ್ಲಿ ಪೈಪು ಇರುವುದು ತಮ್ಮನ ಮೇಜಿನ ಮೇಲೆ, ಅದು ಒಡೆದದ್ದನ್ನು ಎಲ್ಲಿಂದ ಯಾರು ಬೇಕಾದರೂ ಹೇಳಬಹುದು. ಇಷ್ಟು ಸಣ್ಣ ವಿಷಯ ಮೂರು ವರ್ಷ ಅವಳಿಗೆ ಹೊಳೆದಿರಲಿಲ್ಲ. ಚೆನ್ನಾಗಿ ನೋಡಿ ಹೇಳಿದವರಿಗೆಲ್ಲ ಅವಳು ತನ್ನ ಕೈಯಾರೆ ಹಳದಿ ಬಳಿದಿದ್ದಳು.

"ಫೋಟೋದಲ್ಲಿ ಬೆನ್ನು ಕಾಣಲ್ವಲ್ಲೋ" ಎಂದಳು.

"ಯಾರ ಬೆನ್ನು?" ಎಂದ ತಮ್ಮ. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಒಳಗೆ ಹೋದ.

ಮೂರು ದಿನ ಅಕ್ಕ ಬೇರೆ ಕೆಲಸ ಮುಟ್ಟಲಿಲ್ಲ. ಅರವತ್ತನಾಲ್ಕು ಚೀಟಿಗಳನ್ನೂ ಕಿತ್ತು ನೆಲದ ಮೇಲೆ ಬೆನ್ನು ಮೇಲಾಗಿ ಹರಡಿದಳು. ನಲವತ್ತೇಳಕ್ಕೆ ವಿಂಡೋಸ್, ಮ್ಯಾಕಿನವರ ಗೀಟುಗಳಿದ್ದವು, ಎಂದರೆ ಬೇರೆಯವರಿಗೂ ಬಂದ ತೊಂದರೆ. ಉಳಿದದ್ದು ಹದಿನೇಳು. ದೂರು ಬಂದಾಗಿನ ಹಳೆಯ ಆಟವನ್ನು ವಿಂಡೋಸಿನ ಮಷಿನ್ನಿಗೆ ಹಾಕಿ, ಅವನ್ನು ಒಂದೊಂದಾಗಿ ಆಡಿ ನೋಡಬೇಕು. ಮೇಷ್ಟ್ರು ಕುಂಚ ಬದಿಗಿಟ್ಟು ಜೊತೆಗೆ ಕೂತರು. ಅವರೂ ಆಟದಲ್ಲಿ ದಡ್ಡರೇ.

"ಲಿಫ್ಟು ಮೇಲೆ ಹೋಗ್ತಾ ಇದೆಯೋ ಕೆಳಗೋ?" ಎಂದು ಕೇಳಿದರು.

"ನೀವೇ ಬರೆದ ಕಟ್ಟಡ ಅಲ್ವಾ ಮೇಷ್ಟ್ರೇ?"

"ಬರೆದೆ ತಾಯಿ. ವಾಸ ಮಾಡಲಿಲ್ಲವಲ್ಲ!"

ಹದಿನೇಳರಲ್ಲಿ ಹನ್ನೆರಡು ವಿಂಡೋಸಿನಲ್ಲೂ ಹಾಗೇ ಕೆಟ್ಟವು. ಒಂದೊಂದು ಕೆಟ್ಟಾಗಲೂ ಮೇಷ್ಟ್ರು ಚಪ್ಪಾಳೆ ತಟ್ಟಿದರು. ತಮ್ಮ ಒಳಗಿನಿಂದ ಇಣುಕಿ, "ಆಟ ಕೆಟ್ಟರೆ ಸಂತೋಷ ಪಡೋ ಕಂಪನಿ ಜಗತ್ತಲ್ಲಿ ಇದೊಂದೇ ಇರ್ಬೇಕು" ಎಂದ. ಕೊನೆಗೆ ನಿಜವಾಗಿ ಲಿನಕ್ಸಿನದೇ ಎನ್ನುವಂಥವು ಉಳಿದದ್ದು ಐದು. ಅರವತ್ತನಾಲ್ಕಕ್ಕೆ ಐದು.

ಅಕ್ಕ ಆ ಐದನ್ನು ತಮ್ಮನ ಮೇಜಿನ ಮೇಲೆ ಇಟ್ಟಳು. ಉಳಿದ ಐವತ್ತೊಂಬತ್ತನ್ನು ಪಕ್ಕದಲ್ಲಿ ಕಟ್ಟು ಕಟ್ಟಿ ಇಟ್ಟಳು. ಹೇಗೆ ತಪ್ಪಾಯಿತು ಎಂದು ಮೊದಲಿನಿಂದ ಹೇಳಿದಳು. ನೀರಿನ ಕಚೇರಿ, ಬೀದಿಯ ಬಣ್ಣ, ಬೆನ್ನ ಗೀಟು. ಹೇಳುತ್ತ ಹೇಳುತ್ತ ಅವಳಿಗೆ ಧೈರ್ಯ ಬಂತು. ಇಷ್ಟು ಸ್ಪಷ್ಟವಾಗಿದ್ದ ಮೇಲೆ ಇನ್ನೇನು?

ತಮ್ಮ ಎಲ್ಲ ಕೇಳಿಸಿಕೊಂಡ. ಚೀಟಿಗಳನ್ನು ತಿರುಗಿಸಿ ನೋಡಿದ. ಅವನು ಅಡ್ಡ ಮಾತಾಡಿದ್ದರೆ ಅಕ್ಕ ಜಗಳವಾಡಿ ಗೆಲ್ಲುತ್ತಿದ್ದಳೋ ಏನೋ.

"ನೀನು ಹೇಳೋದು ಸರಿ ಅಕ್ಕಾ" ಎಂದ. "ನಾನು ಎಣಿಸಿದ್ದೇ ತಪ್ಪು. ಒಪ್ಕೋತೀನಿ."

"ಹಾಗಾದ್ರೆ ಅವರಿಗೆ ಹೇಳು."

"ಆದ್ರೆ ಈ ಐದು ಇದೆಯಲ್ಲ." ಒಂದು ಚೀಟಿಯ ಮೇಲೆ ಬೆರಳಿಟ್ಟ. "ಇದು, ಆಟದ ಸದ್ದು ಕರಕರ ಅಂತ ಒಡೆಯೋದು. ಇದೊಂದೇ ನನ್ನ ಹನ್ನೊಂದು ದಿನ ತಿಂದಿದೆ. ಇದು ಆರು ದಿನ. ಚೀಟಿಗೇನು, ಒಂದೇ ಅಳತೆ. ನನ್ನ ದಿನಗಳು ಹಾಗಲ್ವಲ್ಲ."

"ಈ ಐದರಲ್ಲಿ ಮೂರಕ್ಕೆ ಆ ಜನಾನೇ ದಾರಿ ಹುಡುಕಿ ಬರೆದಿದಾರೆ ಕಣೋ. ನೀನು ಓದಲೂ ಇಲ್ಲ."

"ಓದಿದೀನಿ. ಒಂದನ್ನ ಹಾಕಿಯೂ ನೋಡ್ದೆ. ಒಬ್ಬರಿಗೆ ಸರಿಹೋಗಿ ಇನ್ನೊಬ್ಬರಿಗೆ ಕೆಡ್ತು. ನಲವತ್ತೊಂದು ಜನ, ನಲವತ್ತೊಂದು ಥರ ಮಷಿನ್ನು. ನಾನು ಒಬ್ಬ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಇನ್ನೊಂದು ಮಾತು. ಸದ್ದಿಗೆ ಪ್ರಕಾಶಕರು ಕೊಟ್ಟಿರೋ ಹೊಸ ಸಾಫ್ಟ್‌ವೇರ್ ಲಿನಕ್ಸಿಗೆ ಇಲ್ವೇ ಇಲ್ಲ. ಈಗ ಬೇಕು ಅಂದ್ರೂ ಮೊದಲಿಂದ ಬರೀಬೇಕು. ಅದೂ ಅಲ್ದೆ, ವಿಂಡೋಸ್ ಆಟಾನ ಲಿನಕ್ಸಲ್ಲೇ ಓಡಿಸೋ ಉಪಾಯ ಈಗ ಇದೆ. ಹೊಸ ಮಷಿನ್ ಇರೋರು ಹೇಗೋ ಆಡ್ಕೋತಾರೆ."

"ಹಳೇದು ಇರೋರು?"

ತಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ತಿರುಗಿದ. ಹಳೆಯ ಮಷಿನ್ ಆ ಭಾರ ತಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಪ್ರಕಾಶಕರ ಕಚೇರಿಗೆ ತಾನೇ ಫೋನ್ ಮಾಡಿದಳು. ಫೋನ್ ಎತ್ತಿದ ಹುಡುಗಿಯ ಮಾತು ಬಹಳ ಮೃದು. ಫೋಟೋದಲ್ಲಿ ಕಂಡದ್ದು ಪೂರ್ತಿ ನಿಜವಲ್ಲ, ಪ್ರತಿ ಚೀಟಿಗೂ ಒಂದು ಬೆನ್ನಿದೆ ಎಂದು ಅಕ್ಕ ವಿವರಿಸಿದಳು.

"ಅರ್ಥ ಆಯ್ತು ಮೇಡಂ. ತುಂಬಾ ಒಳ್ಳೇ ವಿಷಯ ಹೇಳಿದ್ರಿ. ಬರ್ಕೊಂಡಿದೀನಿ."

"ಬರ್ಕೊಂಡ ಮೇಲೆ ಏನು ಮಾಡ್ತೀರಮ್ಮಾ?"

"ಕಡತಕ್ಕೆ ಸೇರಿಸ್ತೀವಿ ಮೇಡಂ."

"ಪಟ್ಟಿ?"

"ಪಟ್ಟಿಗೆ ಸಹಿ ಆಗಿದೆಯಲ್ಲ ಮೇಡಂ."

ಅಕ್ಕ ಫೋನ್ ಇಟ್ಟಳು. ಇದೇ ಮಾತನ್ನು ಇದೇ ಮೃದು ದನಿಯಲ್ಲಿ ಅವಳು ಕಿಟಕಿಯ ಹಿಂದಿನಿಂದ ಎಷ್ಟು ಜನರಿಗೆ ಹೇಳಿರಲಿಲ್ಲ! ಬರೆದುಕೊಂಡಿದ್ದೇನೆ, ಹೋಗಿಬನ್ನಿ. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ನಲವತ್ತೊಂದು ಜನರಿಗೆ ಪತ್ರ ಬರೆಯುವುದು ಅವಳ ಪಾಲಿಗೇ ಬಂತು. "ನೀನು ಬರೆದ್ರೆ ನೋವಾಗಲ್ಲ ಅಕ್ಕಾ" ಎಂದ ತಮ್ಮ. ನೋವಾಗದ ಹಾಗೆ ಬರೆಯಲು ನಾಲ್ಕು ಸಲ ಪ್ರಯತ್ನಪಟ್ಟಳು. ಮೊದಲನೆಯದು ತುಂಬ ಉದ್ದವಾಯಿತು. ಎರಡನೆಯದರಲ್ಲಿ ತಮ್ಮನ ಮೇಲೆ ತಪ್ಪು ಹೊರಿಸಿದ ಹಾಗಿತ್ತು. ಮೂರನೆಯದನ್ನು ಓದಿ ಮೇಷ್ಟ್ರು, "ಯಾರೋ ತೀರಿಕೊಂಡ ಹಾಗಿದೆ" ಎಂದರು. ನಾಲ್ಕನೆಯದು ಆರು ಸಾಲು. ಮೂರನೇ ಭಾಗ ಲಿನಕ್ಸಿಗೆ ಬರುವುದಿಲ್ಲ, ಮೊದಲ ಎರಡು ಭಾಗಗಳು ಈಗಿರುವಂತೆ ಇರುತ್ತವೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಕೃತಜ್ಞತೆ. ಅದನ್ನೇ ಕಳಿಸಿದಳು.

ಉತ್ತರಗಳು ಬಂದವು. ಒಬ್ಬ ಬೈದ. ಒಬ್ಬ "ನಿರೀಕ್ಷಿಸಿದ್ದೆ" ಎಂದು ಒಂದೇ ಪದ ಬರೆದ. ಇಬ್ಬರು ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಡುತ್ತೇವೆ ಎಂದರು. ಇನ್ನೊಬ್ಬಳು ಸದ್ದು ಒಡೆಯುವುದಕ್ಕೆ ಇನ್ನೂ ಒಂದು ಪರಿಹಾರ ಬರೆದು ಕಳಿಸಿದಳು. ಬಹಳ ಜನ ಏನೂ ಬರೆಯಲಿಲ್ಲ. ಬೈದವನ ಪತ್ರವೇ ಅಕ್ಕನಿಗೆ ಓದಲು ಸುಲಭವಾಗಿತ್ತು.

ಸಿಸ್ಟರ್ ಅವರ ಉತ್ತರ ನಾಲ್ಕು ದಿನ ಬಿಟ್ಟು ಬಂತು.

"೧. ಪತ್ರ ತಲುಪಿತು. ತಂಗಿಗೆ ಓದಿ ಹೇಳಿದೆ. ೨. ನಮ್ಮ ಮಷಿನ್ನಿಗೆ ಬೇರೆ ದಾರಿ ಇಲ್ಲ ಅಂತ ಲೈಬ್ರರಿಯವರೂ ಹೇಳಿದರು. ೩. ತಂಗಿ ಒಂದು ಮಾತು ಕೇಳುತ್ತಿದ್ದಾಳೆ. ನಾನು ಅತಿಯಾಗಿ ದೂರು ಬರೆದದ್ದಕ್ಕೆ ಹೀಗಾಯಿತಾ ಅಂತ. ಸುಮ್ಮನೆ ಆಡುವುದು ಬಿಟ್ಟು ಸಣ್ಣ ಸಣ್ಣದಕ್ಕೂ ಬರೆಯುತ್ತೀಯ, ಅವರಿಗೆ ಬೇಸರ ಬಂದಿರುತ್ತೆ ಅಂತ ಬೈಯುತ್ತಿದ್ದಾಳೆ. ೪. ಹಾಗಿದ್ದರೆ ಕ್ಷಮಿಸಬೇಕು. ವಾರ್ಡಿನ ಅಭ್ಯಾಸ, ಕಂಡದ್ದನ್ನು ಬರೆದಿಡದೆ ಇರಲಾಗದು."

ಅಕ್ಕ ಉತ್ತರ ಬರೆಯಲು ಕೂತಳು. ಇಲ್ಲ ಎಂದು ಬರೆದರೆ ಅರ್ಧ ಸುಳ್ಳು. ಹೌದು ಎಂದು ಬರೆಯುವುದಂತೂ ಸಾಧ್ಯವೇ ಇರಲಿಲ್ಲ. ಒಳಗಿನ ವಿಷಯ ಹೊರಗೆ ಬರೆಯಬಾರದು ಎಂದು ತಮ್ಮ ಹೇಳಿದ್ದ. ಆದರೂ ಬರೆದಳು. ಚೀಟಿಗಳ ಬಣ್ಣದ ಬಗ್ಗೆ ಬರೆದಳು. ನೀವು ಮೊದಲು ಕಂಡು ಹೇಳಿದ್ದರಿಂದ ಎಲ್ಲರ ಆಟವೂ ಸರಿಯಾಯಿತು, ಅದನ್ನು ನಿಮ್ಮ ತಪ್ಪೆಂಬಂತೆ ತೋರಿಸಿದ್ದು ನನ್ನ ಪದ್ಧತಿ, ನಿಮ್ಮ ದೂರಲ್ಲ. ಅರವತ್ತನಾಲ್ಕರಲ್ಲಿ ಐದು ಮಾತ್ರ ನಿಮ್ಮ ಕಡೆಯವು, ನಾನೇ ಕೂತು ನೋಡಿದ್ದೇನೆ. ತಂಗಿಯವರಿಗೆ ಇದನ್ನು ಓದಿ ಹೇಳಿ. ಹೀಗೆ ಬರೆದು, ಮತ್ತೊಮ್ಮೆ ಓದದೆ ಕಳಿಸಿಬಿಟ್ಟಳು. ಮನಸ್ಸು ಸ್ವಲ್ಪ ಹಗುರಾಯಿತು.

ಮರುದಿನ ಬೆಳಗ್ಗೆಯೇ ಉತ್ತರ ಬಂದಿತ್ತು.

"೧. ಓದಿ ಹೇಳಿದೆ. ತಂಗಿ ಬೈಯುವುದು ನಿಲ್ಲಿಸಿದಳು. ೨. ಹಾಗಾದರೆ ಇದು ಲೆಕ್ಕದಲ್ಲಿ ಆದ ತಪ್ಪು. ಅದು ನಿಮಗೇ ಸಿಕ್ಕಿದೆ. ಬಹಳ ಸಮಾಧಾನವಾಯಿತು. ಲಿನಕ್ಸಿಗೆ ಬರುವುದೇ ಇಲ್ಲ ಅಂತ ತಿಳಿದುಕೊಂಡಿದ್ದೆವು. ೩. ಸರಿಪಡಿಸಲು ಎಷ್ಟು ದಿನ ಹಿಡಿಯಬಹುದು? ಅವಸರವೇನಿಲ್ಲ. ಕಾಯುತ್ತೇವೆ."

ಒಳಕೋಣೆಯಿಂದ ತಮ್ಮ ಕೂಗಿದ. "ಅಕ್ಕಾ, ಏನಾದ್ರೂ ಹೊಸ ದೂರು ಬಂತಾ?"

"ಇಲ್ಲ ಕಣೋ. ದೂರಲ್ಲ."

"ಮತ್ತೇನು?"

ಅವಳು ಉತ್ತರದ ಪುಟ ತೆರೆದಳು. "ಸಿಸ್ಟರ್," ಎಂದು ಒತ್ತಿದಳು. ಮೇಷ್ಟ್ರು ಬಂದು ಅವಳ ಹೆಗಲ ಮೇಲಿಂದ ಓದಿ, ತಮ್ಮ ಮೇಜಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದಾಗ ಆಮೇಲೆ ಬರುತ್ತೇನೆ ಎಂದಳು. ಕೆಳಗೆ ಕನ್ನಡಕದವನು ಶಟರ್ ಎಳೆಯುವ ಹೊತ್ತಿಗೂ ಪರದೆಯ ಮೇಲೆ ಆ ಒಂದು ಪದವೇ ಇತ್ತು.